ಕೆಳಗಲ್ಲು

ಪಾಲಾದ ದಿನ ಬೀಸುಕಲ್ಲೂ ಪಾಲಾಯಿತು.
ಮೇಲ್ಗಲ್ಲು ದೊಡ್ಡಪ್ಪ ಜವರಯ್ಯನಿಗೆ,
ಕೆಳಗಲ್ಲು ನಮ್ಮಪ್ಪನಿಗೆ.
ಹೊಲವನ್ನು ಮೊದಲೇ ಐದು ಸೀಳು ಸೀಳಿದ್ದರು.
ನಮ್ಮ ಪಟ್ಟೆಯ ಅಗಲ ಎಷ್ಟೆಂದರೆ
ಸಾಲು ಮುಗಿಸಿ ನೇಗಿಲು ತಿರುಗಿಸಲು
ಎತ್ತುಗಳು ದೊಡ್ಡಪ್ಪನ ನೆಲಕ್ಕೆ ಕಾಲಿಡಬೇಕು,
ಪ್ರತಿ ಸಲವೂ ಅಪ್ಪ ಒಮ್ಮೆ ಕೆಮ್ಮಬೇಕು,
ಅಪ್ಪಣೆ ಕೇಳಿದ ಹಾಗೆ.

ಮಳೆ ಕೈಕೊಟ್ಟು ಬಂದವರಲ್ಲ ನಾವು.
ಸಾಲ ತಲೆಗೇರಿ ಬಂದವರೂ ಅಲ್ಲ.
ಆ ಕೆಮ್ಮು ಸಾಕಾಗಿ ಬಂದವರು.

ಪಿರಿಯಾಪಟ್ಟಣದ ಕಡೆಯಿಂದ ಗಾಡಿ,
ತಿತಿಮತಿಯ ಕಾಡಿಗೆ ಬರುವಾಗ ಕತ್ತಲು.
ಗಾಡಿಯಲ್ಲಿ ಒಂದು ಪಲ್ಲ ರಾಗಿ, ಎರಡು ಕೋಳಿ,
ಬಾಯಿ ಒಡೆದ ಕೊಳಗ, ನಾನು,
ನನ್ನ ಕಾಲಿಗೊತ್ತಿಕೊಂಡು ಆ ಕಲ್ಲು.
"ಅರ್ಧ ಕಲ್ಲು ಹೊತ್ತು ಯಾವ ರಾಜ್ಯ ಆಳ್ತೀಯೆ" ಅಂದ ಅಪ್ಪ.
ಅವ್ವ ಉತ್ತರ ಕೊಡಲಿಲ್ಲ.
ಗೋಣಿ ಎಳೆದು ಕಲ್ಲಿಗೆ ಹೊದಿಸಿದಳು,
ನನಗಲ್ಲ.

ಬಾಳೆಲೆಯಾಚೆ ಒಂದು ಐನ್‌ಮನೆಯ ಕೆಳಗಿನ ಬಯಲು.
ಇದ್ದ ಕೈಗಳೆಲ್ಲ ಕಾಫಿಗೇ ಸಾಲದೆ
ಆರು ವರ್ಷ ಬೀಳುಬಿದ್ದ ಗದ್ದೆ.
ಎಷ್ಟಿದೆ ಅಂದರೆ ಎಂಟು ಬಟ್ಟಿ ಅಂದರು.
ಎಕರೆಯಲ್ಲಿ ಹೇಳಿ ಅನ್ನಲು ಅಪ್ಪನಿಗೆ ನಾಚಿಕೆ.
ವಾರಕ್ಕೆ ಒಪ್ಪಿದ, ಬಟ್ಟಿ ಎಂದರೇನೆಂದು ತಿಳಿಯದೆ.

ಜಗಲಿಯ ಮೇಲಿಂದ ಚೋಂದವ್ವ
ಅವ್ವನನ್ನು ನೋಡಿ ಒಂದೇ ಮಾತು ಹೇಳಿದರು:
"ಅಳಿ."
ಅವ್ವನ ಮುಖ ಬಿಳುಚಿತು.
ಬಂದ ಗಳಿಗೆಯಲ್ಲೇ ಹಾಳಾಗು ಅನ್ನುವ ಬಾಯಿ
ಎಂಥ ಬಾಯಿ!
ಮೆಟ್ಟಿಲ ಕೆಳಗೇ ನಿಂತಳು, ಕುಕ್ಕೆ ಬಿಗಿಹಿಡಿದು.
"ಅಳಿ, ಅಳಿ," ಮುದುಕಿ ಚಾಪೆ ತಟ್ಟಿದರು.
ಆ ಮಾತಿಗೆ ಅಲ್ಲಿ ಕೂತುಕೋ ಎಂದರ್ಥ.

ಅವ್ವ ಕೂತಳು. ಕಾಲ್ಬೆರಳ ಸಂದಿಯಿಂದ
ನೆತ್ತರು ಚಾಪೆಗೆ ಇಳಿಯುತ್ತಿತ್ತು.
ನಮ್ಮೂರಲ್ಲಿ ಜಿಗಣೆ ಅನ್ನುವುದು ಬರೀ ಬೈಗುಳ.
ಚೋಂದವ್ವ ಎಲೆಯಡಿಕೆ ತಟ್ಟೆಯಿಂದ ಸುಣ್ಣ ತೆಗೆದು
ತಾವೇ ಬಗ್ಗಿ ಸವರಿದರು.

ಮೊದಲ ಮಳೆಗಾಲ ಎತ್ತುಗಳು ಕೆಸರಿಗೆ ಇಳಿಯಲೊಲ್ಲವು.
ಅಪ್ಪ ತಾನೇ ಮೊಣಕಾಲುದ್ದ ಇಳಿದು
ಗಂಗೆದೊಗಲು ಸವರಿ ಮಾತಾಡಿಸಿದ.
ಕೆಂದ ಇಳಿಯಿತು.
ಬಿಳಿಯ ಬದುವಿನ ಮೇಲೆ
ಮೂಡಲಿಗೆ ಮುಖಮಾಡಿ ನಿಂತೇ ಇತ್ತು, ಮೂರು ದಿನ.
ಗೋಣಿಕೊಪ್ಪದ ಸಂತೆಯಲ್ಲಿ ಅದನ್ನು ಮಾರಿ
ಕೆಂದನಿಗೆ ಜೋಡಿಯಾಗಿ ಒಂದು ಮುದಿ ಕೋಣ ತಂದು
ಉಳಿದ ಚಿಲ್ಲರೆಯಲ್ಲಿ
ಮೇಲ್ಗಲ್ಲು ಕಡೆಸಿದ.

ಇಲ್ಲಿಯ ಕಲ್ಲು ಕಪ್ಪು, ಗಟ್ಟಿ.
ಅಲ್ಲಿಯದು ಮೆದು, ಕೆಂಪು ಚುಕ್ಕೆಯದು.
ಆ ವರ್ಷವಿಡೀ ಹಿಟ್ಟಿನಲ್ಲಿ ಮರಳು.
ಊರ ಕಲ್ಲು ಸವೆದು ಮುದ್ದೆಯೊಳಗೆ ಕೂತು
ಹಲ್ಲಿಗೆ ಕಟಕ್ಕೆನ್ನುತ್ತಿತ್ತು.
ನುಂಗು, ನುಂಗು, ಹೊಟ್ಟೆಗೇನೂ ಆಗಲ್ಲ, ಅನ್ನುತ್ತಿದ್ದ ಅಪ್ಪ.
ಅವ್ವ ಮಾತ್ರ ನಾಲಗೆ ತುದಿಯಿಂದ ಹರಳು ತೆಗೆದು
ಸೆರಗಿನ ಮೂಲೆಗೆ ಒರೆಸಿಕೊಳ್ಳುತ್ತಿದ್ದಳು.
ಉಗುಳಿದ್ದು ನಾನು ಕಾಣೆ.

ಈಗ ಇಬ್ಬರೂ ಇಲ್ಲ. ಮಿಲ್ಲು ಬಂದು
ಕಲ್ಲು ಬಚ್ಚಲ ಬಾಗಿಲಿಗೆ ಆನಿಕೆಯಾಗಿದೆ.
ಬೆಳೆಯಲ್ಲಿ ಅರ್ಧ ನಮ್ಮದು,
ಕಾಗದದಲ್ಲಿ ನಮ್ಮ ಹೆಸರಿಲ್ಲ.
ಬಟ್ಟಿ ಎಷ್ಟೆಂದು ನನ್ನ ಕಾಲಿಗೆ ಗೊತ್ತು,
ಬಾಯಲ್ಲಿ ಹೇಳು ಅಂದರೆ ಬರದು.

ಈ ಆಷಾಢದಲ್ಲಿ ನಾಟಿಗೆ ಆಳು ಸಿಗದೆ
ಲೈನ್‌ಮನೆಗೆ ಹೇಳಿಕಳಿಸಿದ್ದೆ.
ಬೆಳಗಾಗುವ ಮೊದಲೇ ಬಂದು ನಿಂತಿದ್ದಾಳೆ ಮೊರಿಯಂ,
ಅಸ್ಸಾಮಿನ ಯಾವುದೋ ಹೊಳೆದಂಡೆಯವಳು.
ಹೊಳೆ ಮಗ್ಗುಲು ಬದಲಿಸಿ ಅವರ ಗದ್ದೆ ತಿಂದಿತಂತೆ,
ಗಂಡನ ಮುರುಕು ಹಿಂದಿಯಲ್ಲಿ ತಿಳಿದದ್ದು ಇಷ್ಟೇ.
ಸಸಿಮಡಿ ನೋಡುತ್ತಿದ್ದ ಅವಳ ಕಣ್ಣು
ಕೂಲಿಯವಳದಲ್ಲ. ಒತ್ತಾಯಿತು ಅನ್ನುತ್ತಿತ್ತು.

"ಅಳಿ," ಅಂದೆ.
ಯಾಕೆ ಆ ಮಾತೇ ಬಾಯಿಗೆ ಬಂತೋ.
ಅವಳ ಸೀಮೆಯಲ್ಲಿ ಅದಕ್ಕೆ ಏನರ್ಥವೋ,
ಅಂಜಿದಳೋ, ನಗು ಬಂತೋ, ತಿಳಿಯಲಿಲ್ಲ.
ನಿಂತೇ ಇದ್ದು
ಎಡಗಾಲು ಸ್ವಲ್ಪ ಎತ್ತಿ ತೋರಿಸಿದಳು.
ಹಿಮ್ಮಡಿಯಿಂದ ಕೆಂಪು ಗೆರೆ.

ಇರು ಇರು ಎಂದು ಒಳಗೆ ಬಂದವಳು
ತಡಕುತ್ತಿದ್ದೇನೆ,
ಸುಣ್ಣದ ಡಬ್ಬಿ ಎಲ್ಲಿಟ್ಟೆ.